ಪ್ರೌಢಶಾಲೆಯ ಭೌತವಿಜ್ಞಾನಕ್ಕೆ ವರ್ಚುವಲ್ ಲ್ಯಾಬ್ ಆರಿಸುವುದು

ಪ್ರಯೋಗದ ಸಲಕರಣೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಕೊಟ್ಟು, ವಿದ್ಯಾರ್ಥಿಯೇ ಅವನ್ನು ಜೋಡಿಸಿ, ಅಳೆದು, ಬದಲಿಸಿ ನೋಡಲು ಬಿಡುವ ತಂತ್ರಾಂಶವೇ ವರ್ಚುವಲ್ ಲ್ಯಾಬ್. ಬರೀ ನೋಡಲು ಬಿಟ್ಟರೆ ಅದು ಅನಿಮೇಶನ್. ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಮೊದಲ ಮೋಸ ಅಲ್ಲೇ ಇದೆ. ಕರ್ನಾಟಕದ ಹತ್ತನೇ ತರಗತಿಯಲ್ಲಿ ಇದರ ಅಗತ್ಯ ಬೀಳುವುದು ಮುಖ್ಯವಾಗಿ ಬೆಳಕು ಮತ್ತು ವಿದ್ಯುತ್ತಿನ ಪಾಠಗಳಿಗೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲ. ಹೀಗಾಗಿ ಅಮ್ಮೀಟರಿನ ಮುಳ್ಳು ವರ್ಷಗಟ್ಟಲೆ ಅಂಟಿಕೊಂಡೇ ಇದ್ದರೂ ಯಾರೂ ಕೇಳುವುದಿಲ್ಲ. ಲ್ಯಾಬ್ ಕಪಾಟಿನಲ್ಲಿನ ಕೊರತೆಯನ್ನು ಪರದೆಯಿಂದ ತುಂಬುವ ಆಸೆ ಹುಟ್ಟುವುದು ಇಂಥಲ್ಲಿ.

ಆ ಆಸೆ ಹೇಗೆ ಕೈಕೊಡುತ್ತದೆ ಎಂಬುದು ಕರ್ನಾಟಕದ ಶಾಲೆಗಳಿಗೆ ಚೆನ್ನಾಗಿ ಗೊತ್ತಾದದ್ದು 2021ರ ಜನವರಿಯಲ್ಲಿ. ಕೊರೊನಾದಿಂದ ಮುಚ್ಚಿದ್ದ ಹತ್ತನೇ ತರಗತಿ ಆ ವರ್ಷದ ಜನವರಿ 1ರಂದು ತೆರೆಯಿತು. ಅಡೋಬಿ ಕಂಪನಿ ಬ್ರೌಸರಿನಲ್ಲಿ ಅನಿಮೇಶನ್ ಓಡಿಸುವ ತನ್ನ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿದ್ದು ಅದರ ಹಿಂದಿನ ದಿನ, 2020ರ ಡಿಸೆಂಬರ್ 31ಕ್ಕೆ; ಜನವರಿ 12ರಿಂದ ಫ್ಲ್ಯಾಶ್ ಕಡತಗಳು ಬ್ರೌಸರಿನಲ್ಲಿ ತೆರೆಯದಂತೆಯೂ ಮಾಡಿತು. ಮೂರು ವರ್ಷ ಮೊದಲೇ, 2017ರಲ್ಲಿ, ಇದನ್ನು ಸಾರಿ ಹೇಳಿತ್ತು. ಆದರೂ ಶಾಲೆಗಳಿಗೆ ಮಾರಿದ ಎಷ್ಟೋ ಪಾಠದ ಸಿ.ಡಿ.ಗಳ ಒಳಗಿದ್ದದ್ದು ಫ್ಲ್ಯಾಶೇ.

ಬಾಗಲಕೋಟೆ ಜಿಲ್ಲೆಯ ರಾಮಥಾಳ ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆ ತಿಂಗಳು ನಡೆದದ್ದನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಮಕ್ಕಳು ಮಾಸ್ಕ್ ಹಾಕಿಕೊಂಡು, ಬೆಂಚಿಗೊಬ್ಬರಂತೆ ಕೂತಿದ್ದರು. ತಿಂಗಳುಗಟ್ಟಲೆ ಪಾಠ ತಪ್ಪಿತ್ತು. ಓಮ್‌ನ ನಿಯಮವನ್ನು ಒಂದೇ ಪಿರಿಯಡ್ಡಿನಲ್ಲಿ ಮುಗಿಸಬೇಕಿತ್ತು. ಪ್ರೊಜೆಕ್ಟರ್ ಹಚ್ಚಿ, ಶಾಲೆಗೆ ಬಂದಿದ್ದ ಪಾಠದ ಪ್ಯಾಕೇಜಿನಲ್ಲಿದ್ದ ವಿದ್ಯುತ್ ಮಂಡಲದ ಪ್ರಯೋಗ ತೆರೆದರೆ ಗೋಡೆಯ ಮೇಲೆ ಬೂದು ಬಣ್ಣದ ಒಂದು ಚೌಕ, ನಡುವೆ ಸಣ್ಣದೊಂದು ಗುರುತು. ಅದನ್ನು ಒತ್ತಿದರೆ ಇಂಟರ್ನೆಟ್ ಇಲ್ಲ ಎಂಬ ಸಂದೇಶ. ಬೇರೆ ಪಾಠ ತೆರೆದರೂ ಅದೇ ಚೌಕ. ಕೇಬಲ್ ಕಿತ್ತು ಹಾಕಿದ್ದಾಯಿತು, ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದ್ದಾಯಿತು. ಹಿಂದಿನ ಬೆಂಚಿನ ಹುಡುಗ, 'ಸರ್, ಆ ಹಳೇದ್ರಾಗ ನೋಡ್ರಿ' ಅಂದ. ಮೂಲೆಯಲ್ಲಿ ಧೂಳು ಹಿಡಿದಿದ್ದ ಡೆಸ್ಕ್‌ಟಾಪಿನಲ್ಲಿ ಅದೇ ಪಾಠ ಸಲೀಸಾಗಿ ಓಡಿತು. ಇಂಟರ್ನೆಟ್ ಕಾಣದ ಆ ಯಂತ್ರ ಅಪ್‌ಡೇಟ್ ಆಗಿರಲಿಲ್ಲ; ಅದರೊಳಗಿನ ಹಳೆಯ ಫ್ಲ್ಯಾಶಿಗೆ ತನ್ನ ಕಾಲ ಮುಗಿದದ್ದೇ ಗೊತ್ತಿರಲಿಲ್ಲ. ಮುತುವರ್ಜಿಯಿಂದ ಅಪ್‌ಡೇಟ್ ಮಾಡಿಸಿದ್ದ ಲ್ಯಾಪ್‌ಟಾಪ್ ಮಾತ್ರ ಸತ್ತಿತ್ತು. ಆದರೆ ಡೆಸ್ಕ್‌ಟಾಪಿನ ಸಣ್ಣ ಪರದೆ ಕಾಣಬೇಕೆಂದರೆ ಮಕ್ಕಳು ಗುಂಪುಗೂಡಬೇಕು, ಗುಂಪುಗೂಡುವಂತಿರಲಿಲ್ಲ. ಗಂಟೆ ಬಾರಿಸಿತು. ಕಪ್ಪುಹಲಗೆಯ ಮೇಲೆ V = IR ಬರೆದದ್ದಷ್ಟೇ ಆ ದಿನದ ಪ್ರಯೋಗ.

ಪ್ಯಾಕೇಜ್ ಆರಿಸಿದ್ದು ಶಿಕ್ಷಕರಲ್ಲ. ಕೊಳ್ಳುವ ಮೊದಲು ಒಮ್ಮೆ ಓಡಿಸಿ ನೋಡೋಣ ಎಂದವರಿಗೆ ಸಂಬಂಧಪಟ್ಟ ಅಧಿಕಾರಿಯಿಂದ ಸಿಕ್ಕ ಉತ್ತರ: 'ಬಂದೈತಲ್ರೀ, ಬಳಸ್ರಿ.' ರಿಜಿಸ್ಟರಿನಲ್ಲಿ ದಾಖಲಾದರೆ ಆ ಮಟ್ಟದಲ್ಲಿ ಕೆಲಸ ಮುಗಿಯುತ್ತದೆ. ಪಾಠ ಮಾಡುವವನನ್ನು ಕೇಳದೆ ಪಾಠದ ಸಾಮಾನು ಕೊಳ್ಳುವ ಪದ್ಧತಿ ಇರುವವರೆಗೆ ಬೂದು ಚೌಕಗಳು ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ.

ದುಡ್ಡು ಕೊಡದೆ ಸಿಗುವ ಎರಡು ಸಾಧನಗಳು ಪ್ರೌಢಶಾಲೆಗೆ ಸಾಕಾಗುತ್ತವೆ. ಮೊದಲನೆಯದು ಫೆಟ್. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು ಇದು. ಇದರ ಹಳೆಯ ಪ್ರಯೋಗಗಳೂ ಜಾವಾ ಮತ್ತು ಫ್ಲ್ಯಾಶಿನಲ್ಲೇ ಇದ್ದವು. ಮುಖ್ಯವಾದ ಹಲವನ್ನು ಬ್ರೌಸರೇ ನೇರವಾಗಿ ಓಡಿಸುವ ಎಚ್‌ಟಿಎಂಎಲ್5ಕ್ಕೆ ಬದಲಿಸಲಾಗಿದೆ. ಹೊಸದರಲ್ಲಿ ಒಂದು ಪ್ರಯೋಗಕ್ಕೆ ಒಂದೇ ಕಡತ. ಪೆನ್‌ಡ್ರೈವಿನಲ್ಲಿ ತಂದು, ಇಂಟರ್ನೆಟ್ ಇಲ್ಲದೆ, ವಿಂಡೋಸ್ ಇರಲಿ ಉಬುಂಟು ಇರಲಿ, ಈಚಿನ ಯಾವುದೇ ಬ್ರೌಸರಿನಲ್ಲಿ ತೆರೆಯಬಹುದು. ಎರಡನೆಯದು ಅಮೃತ ವಿಶ್ವ ವಿದ್ಯಾಪೀಠ ಮತ್ತು ಮುಂಬಯಿಯ ಸಿ-ಡ್ಯಾಕ್ ಸೇರಿ ರೂಪಿಸಿದ ಓಲ್ಯಾಬ್ಸ್. ಒಂಬತ್ತರಿಂದ ಹನ್ನೆರಡನೇ ತರಗತಿಯ ಪ್ರಯೋಗಗಳನ್ನು ಅದು ಸಿದ್ಧಾಂತ, ವಿಧಾನ, ಸಿಮ್ಯುಲೇಟರ್, ಮೌಖಿಕ ಪ್ರಶ್ನೆ ಎಂದು ಲ್ಯಾಬ್ ಪುಸ್ತಕದ ಕ್ರಮದಲ್ಲೇ ಕೊಡುತ್ತದೆ. ರೆಕಾರ್ಡ್ ಬರೆಸುವವರಿಗೆ ಇದು ಹಿತ. 2022ರ ಕೇಂದ್ರ ಬಜೆಟ್ಟಿನಲ್ಲಿ 750 ವರ್ಚುವಲ್ ಲ್ಯಾಬ್‌ಗಳ ಘೋಷಣೆಯೂ ಆಯಿತು. ಘೋಷಣೆಗಿಂತ ಪೆನ್‌ಡ್ರೈವ್ ಹೆಚ್ಚು ನಂಬಿಕೆಗೆ ಅರ್ಹ.

ಎರಡರ ನಡುವೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಮಗು ತಪ್ಪು ಮಾಡಲು ಆಗುತ್ತದೆಯೆ? ಫೆಟ್‌ನ ವಿದ್ಯುತ್ ಮಂಡಲದಲ್ಲಿ ಬ್ಯಾಟರಿಯ ಎರಡು ತುದಿಗಳನ್ನು ನೇರ ತಂತಿಯಿಂದ ಕೂಡಿಸಿದರೆ ಬೆಂಕಿ ಏಳುತ್ತದೆ. ಹುಡುಗರು ಮೊದಲು ಮಾಡುವುದೇ ಅದನ್ನು. ಮಾಡಲಿ, ಶಾರ್ಟ್ ಸರ್ಕ್ಯೂಟ್ ಎಂದರೇನೆಂದು ಇನ್ನೊಮ್ಮೆ ಹೇಳಬೇಕಾಗಿಲ್ಲ. ತಂತಿಯಲ್ಲಿ ಎಲೆಕ್ಟ್ರಾನುಗಳ ಚಲನೆ ತೋರಿಸಬೇಕೋ ಪಠ್ಯ ಹೇಳುವ ಸಾಂಪ್ರದಾಯಿಕ ಪ್ರವಾಹದ ದಿಕ್ಕನ್ನೋ ಎಂಬ ಆಯ್ಕೆಯೂ ಅಲ್ಲಿದೆ. ಬ್ಯಾಟರಿಯ ಆಂತರಿಕ ರೋಧವನ್ನು ಏರಿಸಿದರೆ ಲೆಕ್ಕ ಪಠ್ಯದಷ್ಟು ಚೊಕ್ಕವಾಗಿ ಬರುವುದಿಲ್ಲ, ನಿಜವಾದ ಬ್ಯಾಟರಿಯಂತೆ ವರ್ತಿಸುತ್ತದೆ. ಹೆಜ್ಜೆ ಹೆಜ್ಜೆಗೆ ಕೈ ಹಿಡಿದು ನಡೆಸುವ ತಂತ್ರಾಂಶಗಳು ಈ ಅವಕಾಶವನ್ನು ಕೊಡುವುದಿಲ್ಲ.

ವಿಭವಾಂತರ ಕಲಿಸಲು ರಾಮಥಾಳ ಸೀಮೆಯಲ್ಲಿ ತಂತ್ರಾಂಶದ ಹೊರಗೂ ಒಂದು ದಾರಿಯಿದೆ. ಎನ್‌ಸಿಇಆರ್‌ಟಿ ಪುಸ್ತಕ ವಿದ್ಯುತ್ ಪ್ರವಾಹವನ್ನು ಕೊಳವೆಯ ನೀರಿಗೆ ಹೋಲಿಸುತ್ತದೆ. ನಾರಾಯಣಪುರ ಜಲಾಶಯದ ನೀರನ್ನೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡಲು ರೂಪಿಸಿದ ಯೋಜನೆ ರಾಮಥಾಳದ ಹೆಸರಿನಲ್ಲೇ ಇದೆ. ಒತ್ತಡ ಇಲ್ಲದಿದ್ದರೆ ಕೊಳವೆಯಿದ್ದೂ ನೀರು ಹರಿಯದು ಎಂಬುದನ್ನು ಇಲ್ಲಿನ ಒಕ್ಕಲು ಮನೆಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿಂದ ಆರಂಭಿಸಿ ಪರದೆಗೆ ಬಂದರೆ ವೋಲ್ಟ್‌ಮೀಟರನ್ನು ಎರಡು ಬಿಂದುಗಳ ನಡುವೆ ಏಕೆ ಇಡಬೇಕೆಂಬುದು ಬೇಗ ತಿಳಿಯುತ್ತದೆ.

ಉಳಿದದ್ದು ಸಣ್ಣ ಪುಟ್ಟ ಎಚ್ಚರಿಕೆ. ಫೆಟ್‌ನ ಕೆಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಅಲ್ಲಿನ ಪಾರಿಭಾಷಿಕ ಪದಗಳು ಪಠ್ಯದವೇ ಎಂದು ಮೊದಲೇ ನೋಡಿಕೊಳ್ಳಬೇಕು, ಬೇರೆಯಾಗಿದ್ದರೆ ಹಲಗೆಯ ಮೇಲೆ ಎರಡನ್ನೂ ಬರೆದಿಡಬೇಕು. ಮಸೂರ, ದರ್ಪಣಗಳಲ್ಲಿ ಚಿಹ್ನೆಯ ನಿಯಮ ಪಠ್ಯದ ಪ್ರಕಾರವೇ ಇದೆಯೆ ಎಂದು ಒಂದು ಲೆಕ್ಕ ಮಾಡಿ ಪರೀಕ್ಷಿಸಬೇಕು. ಯಾವ ತಂತ್ರಾಂಶವನ್ನಾದರೂ ಪಾಠದ ಕೋಣೆಯಲ್ಲಿ, ಅಲ್ಲಿನದೇ ಯಂತ್ರದಲ್ಲಿ, ಇಂಟರ್ನೆಟ್ ತೆಗೆದು ಓಡಿಸಿ ನೋಡಿದ ಮೇಲೆ ರಿಜಿಸ್ಟರಿಗೆ ಸಹಿ ಹಾಕುವುದು ಒಳ್ಳೆಯದು. ತಂತ್ರಾಂಶದಲ್ಲಿ ಉಳಿದ ದುಡ್ಡಿಗೆ ಒಂದು ನಿಕ್ರೋಮ್ ತಂತಿ, ನಾಲ್ಕು ಸೆಲ್, ಮುಳ್ಳು ಅಲುಗಾಡುವ ಒಂದು ಅಮ್ಮೀಟರ್ ಬರುತ್ತವೆ.