ಕ್ವೆರಿಯಲ್ಲಿ ಫೀಲ್ಡ್ ಕಾಣುತ್ತಿಲ್ಲವೇ? ಎಲ್ಲಿ ತಪ್ಪಿಸಿಕೊಂಡಿತು ಎಂದು ಮೊದಲು ನೋಡಿ

ಹಾಲು ಉತ್ಪಾದಕರ ಸಂಘವೊಂದರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಕಡತವಿದೆ ಎಂದಿಟ್ಟುಕೊಳ್ಳಿ. ಸದಸ್ಯರದ್ದು ಒಂದು ಟೇಬಲ್, ದಿನದಿನದ ಹಾಲಿನ ಲೆಕ್ಕದ್ದು ಇನ್ನೊಂದು. ಬಟವಾಡೆಯ ಹಿಂದಿನ ದಿನ ಕ್ವೆರಿ ಓಡಿಸಿದರೆ ಲೀಟರ್ ಇದೆ, ಫ್ಯಾಟ್ ಇದೆ, ಎಸ್‌ಎನ್‌ಎಫ್ (ಹಾಲಿನ ಕೊಬ್ಬೇತರ ಘನಾಂಶ) ಮಾತ್ರ ನಾಪತ್ತೆ. ಟೇಬಲ್ ತೆರೆದರೆ ಅಲ್ಲಿ ಕಣ್ಣೆದುರೇ ಇದೆ! ಇಂಥ ಹೊತ್ತಿನಲ್ಲಿ ಹಳೆಯ ಕ್ವೆರಿ ಅಳಿಸಿ ಹೊಸದು ಮಾಡೋಣ ಎಂದು ಕೈ ತುರಿಸುತ್ತದೆ. ಹಾಗೆ ಮಾಡಿದರೆ ಆ ಕ್ವೆರಿಯನ್ನೇ ನೆಚ್ಚಿಕೊಂಡಿದ್ದ ವರದಿಗಳೂ ಕೈಕೊಡುತ್ತವೆ.

ಟೇಬಲ್ಲಿನಿಂದ ಹೊರಟ ಫೀಲ್ಡ್ ಮೊದಲು ಕ್ವೆರಿ ಡಿಸೈನಿನ ಮೇಲ್ಭಾಗದ ಪೆಟ್ಟಿಗೆಗೆ ಬರಬೇಕು, ಅಲ್ಲಿಂದ ಕೆಳಗಿನ ಗ್ರಿಡ್‌ಗೆ, ಆಮೇಲೆ ಫಲಿತಾಂಶದ ಹಾಳೆಗೆ, ಕೊನೆಗೆ ವರದಿಗೆ. ಯಾವ ಹಂತದಲ್ಲಿ ಅದು ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಶುರು ಮಾಡುವ ಮುಂಚೆ ಕಡತದ ಒಂದು ಪ್ರತಿ ತೆಗೆದು ಬೇರೆ ಫೋಲ್ಡರಿನಲ್ಲಿಡಿ.

ಮೇಲಿನ ಪೆಟ್ಟಿಗೆಯಲ್ಲೇ ಇಲ್ಲದಿದ್ದರೆ

ಕ್ವೆರಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೈನ್ ವ್ಯೂ’ ತೆರೆಯಿರಿ. ಟೇಬಲ್ಲಿನ ಪೆಟ್ಟಿಗೆ ಚಿಕ್ಕದಿರುತ್ತದೆ; ಅದರ ಕೆಳ ಅಂಚನ್ನು ಹಿಡಿದು ಎಳೆದು ದೊಡ್ಡದು ಮಾಡಿ. ಎಷ್ಟೋ ಸಲ ಫೀಲ್ಡ್ ಪಟ್ಟಿಯ ತಳದಲ್ಲಿ ಕೂತಿರುತ್ತದೆ, ಅಷ್ಟೇ.

ಅಲ್ಲೂ ಇಲ್ಲವೆಂದರೆ ಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿ ಇದೆಯೇ ನೋಡಿ. ಆಕ್ಸೆಸ್‌ನಲ್ಲಿ ಪ್ರತಿ ಫೀಲ್ಡಿಗೂ ‘ಕ್ಯಾಪ್ಶನ್’ ಎಂಬ ಗುಣವೊಂದಿದೆ. ಟೇಬಲ್ ತೆರೆದಾಗ ಕಾಲಮ್ಮಿನ ತಲೆಯ ಮೇಲೆ ಕಾಣುವುದು ಕ್ಯಾಪ್ಶನ್. ಕ್ವೆರಿ ಡಿಸೈನಿನ ಪೆಟ್ಟಿಗೆಯಲ್ಲಿ ಕಾಣುವುದು ಫೀಲ್ಡಿನ ನಿಜವಾದ ಹೆಸರು. ನಮ್ಮ ಕಚೇರಿಗಳಲ್ಲಿ ಫೀಲ್ಡಿಗೆ ಇಂಗ್ಲಿಷ್ ಹೆಸರಿಟ್ಟು ಕ್ಯಾಪ್ಶನ್ ಮಾತ್ರ ಕನ್ನಡದಲ್ಲಿ ಕೊಡುವುದು ರೂಢಿ. ಹೀಗಾಗಿ ‘ಖಾತೆ ಸಂಖ್ಯೆ’ಯನ್ನು ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಟೇಬಲ್ಲನ್ನು ಡಿಸೈನ್ ವ್ಯೂನಲ್ಲಿ ತೆರೆದು, ಫೀಲ್ಡಿನ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಗುಣಗಳ ಪಟ್ಟಿಯಲ್ಲಿ ಕ್ಯಾಪ್ಶನ್ ಸಾಲು ನೋಡಿದರೆ ಗುಟ್ಟು ಬಯಲಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಫೀಲ್ಡಿನ ಹೆಸರನ್ನೇ ಆ ಫಾಂಟಿನಲ್ಲಿ ಕೀಲಿಸಿದ್ದರಂತೂ ಪೆಟ್ಟಿಗೆಯಲ್ಲಿ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಫೀಲ್ಡ್ ಇದೆ, ಓದಲು ಬರುವುದಿಲ್ಲ. ಅಂಥದ್ದನ್ನು ಪಟ್ಟಿಯ ಕ್ರಮದಿಂದಲೇ ಗುರುತಿಸಬೇಕು: ಟೇಬಲ್ಲಿನ ಡಿಸೈನಿನಲ್ಲಿ ಏಳನೆಯದಾದರೆ ಪೆಟ್ಟಿಗೆಯಲ್ಲೂ ನಕ್ಷತ್ರ ಚಿಹ್ನೆ ಬಿಟ್ಟು ಏಳನೆಯದು.

ಮೂರನೆಯ ಅನುಮಾನ, ಲಿಂಕ್ ಆದ ಟೇಬಲ್. ಎಡಗಡೆಯ ಪಟ್ಟಿಯಲ್ಲಿ ಟೇಬಲ್ಲಿನ ಪಕ್ಕ ಪುಟ್ಟ ಬಾಣವಿದ್ದರೆ ಮಾಹಿತಿ ಈ ಕಡತದಲ್ಲಿಲ್ಲ, ಬೇರೆಲ್ಲೋ ಇದೆ. ಉದಾಹರಣೆಗೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯಾರೋ ಹೊಸ ಕಾಲಂ ಸೇರಿಸಿದರೂ, ಲಿಂಕ್ ಮಾಡಿದ ದಿನದ ರಚನೆಯನ್ನೇ ಆಕ್ಸೆಸ್ ನೆನಪಿಟ್ಟುಕೊಂಡಿರುತ್ತದೆ. ‘ಎಕ್ಸ್‌ಟರ್ನಲ್ ಡೇಟಾ’ ಟ್ಯಾಬಿನ ‘ಲಿಂಕ್ಡ್ ಟೇಬಲ್ ಮ್ಯಾನೇಜರ್’ ತೆರೆದು, ಆ ಟೇಬಲ್ ಆರಿಸಿ ರಿಫ್ರೆಶ್ ಮಾಡಿ. ಲಿಂಕ್ ಆಗಿರುವುದು ಸಿಎಸ್‌ವಿ ಕಡತಕ್ಕಾದರೆ ಹಳೆಯ ಲಿಂಕ್ ತೆಗೆದು ಹೊಸದಾಗಿ ಲಿಂಕ್ ಮಾಡುವುದೇ ಸಲೀಸು. ಲಿಂಕ್ ಅಳಿಸಿದರೆ ಮೂಲ ಕಡತಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ. ಬಾಣದ ಗುರುತು ಇದೆಯೇ ಎಂದು ಮಾತ್ರ ಮತ್ತೊಮ್ಮೆ ನೋಡಿಕೊಂಡೇ ಅಳಿಸಿ.

ಇನ್ನು, ನಿಮ್ಮ ಕ್ವೆರಿ ಟೇಬಲ್ಲಿನ ಬದಲು ಇನ್ನೊಂದು ಕ್ವೆರಿಯ ಮೇಲೆ ನಿಂತಿದ್ದರೆ, ಕೆಳಗಿನ ಕ್ವೆರಿ ಕೊಟ್ಟ ಫೀಲ್ಡುಗಳಷ್ಟೇ ಮೇಲಿನದಕ್ಕೆ ದಕ್ಕುತ್ತವೆ. ತಳದ ಕ್ವೆರಿಗೆ ಎಸ್‌ಎನ್‌ಎಫ್ ಸೇರಿಸಿ, ಉಳಿಸಿ, ಮುಚ್ಚಿ. ಆಮೇಲೆ ಮೇಲಿನದನ್ನು ತೆರೆಯಿರಿ.

ಪೆಟ್ಟಿಗೆಯಲ್ಲಿದೆ, ಗ್ರಿಡ್‌ನಲ್ಲಿಲ್ಲ

ಉದಾಹರಣೆ ತುಂಬಿಸಿ ಪ್ರಶ್ನೆ ಕೇಳುವ ಈ ಚೌಕಟ್ಟಿನ ಕಲ್ಪನೆ 1970ರ ದಶಕದಲ್ಲಿ ಐಬಿಎಂನ ಸಂಶೋಧಕ ಮೋಶೆ ಜ್ಲೂಫ್ ಅವರದ್ದು. ಎಸ್‌ಕ್ಯೂಎಲ್ ಬರೆಯಲು ಬಾರದವರಿಗೂ ಇದು ದಾರಿ ಮಾಡಿಕೊಟ್ಟಿತು. ಆದರೆ ಆಕ್ಸೆಸ್‌ನ ಗ್ರಿಡ್ ತನ್ನಷ್ಟಕ್ಕೆ ಕೆಲವು ‘ಸ್ವಚ್ಛತೆ’ ಮಾಡಿಕೊಳ್ಳುತ್ತದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ.

ಪ್ರತಿ ಕಾಲಮ್ಮಿಗೂ ‘ಶೋ’ ಎಂಬ ಟಿಕ್ ಚೌಕವಿದೆ. ಟಿಕ್ ತೆಗೆದ ಫೀಲ್ಡಿಗೆ ಷರತ್ತಾಗಲಿ, ಸಾರ್ಟ್ ಆಗಲಿ ಇಲ್ಲದಿದ್ದರೆ, ಉಳಿಸಿ ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ಆಕ್ಸೆಸ್ ಅದನ್ನು ಗ್ರಿಡ್‌ನಿಂದಲೇ ಎತ್ತಿಹಾಕಿರುತ್ತದೆ. ಷರತ್ತು ಇದ್ದರೆ ತೆಗೆಯುವುದಿಲ್ಲ, ಬಲಗಡೆಯ ತುದಿಗೆ ಸರಿಸುತ್ತದೆ. ಆದ್ದರಿಂದ ಮೊದಲು ಅಡ್ಡ ಸ್ಕ್ರಾಲ್ ಎಳೆದು ಬಲತುದಿಯವರೆಗೆ ಹೋಗಿ ನೋಡಿ. ಅಲ್ಲಿ ಇಲ್ಲವೆಂದರೆ ಪೆಟ್ಟಿಗೆಯಲ್ಲಿರುವ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ಮತ್ತೆ ಸೇರಿಸಿ. ಕೈಯಲ್ಲಿ ಹೆಸರು ಕೀಲಿಸಬೇಡಿ. ಒಂದು ಅಕ್ಷರ ತಪ್ಪಿದರೂ ಓಡಿಸುವಾಗ ‘ಎಂಟರ್ ಪ್ಯಾರಾಮೀಟರ್ ವ್ಯಾಲ್ಯೂ’ ಎಂಬ ಕಿಟಕಿ ತೆರೆದು, ಆ ಹೆಸರಿನ ಬೆಲೆಯೇನು ಎಂದು ನಿಮ್ಮನ್ನೇ ಕೇಳುತ್ತದೆ. ಟೇಬಲ್ಲಿನಲ್ಲಿ ಫೀಲ್ಡಿನ ಹೆಸರು ಯಾರಾದರೂ ಬದಲಿಸಿದ್ದರೂ ಕೆಲವೊಮ್ಮೆ ಇದನ್ನೇ ಕೇಳುತ್ತದೆ. ಸುಮ್ಮನೆ ಓಕೆ ಒತ್ತಿದರೆ ಖಾಲಿ ಕಾಲಂ ಬರುತ್ತದೆ, ಮಾಹಿತಿ ಹೋಯಿತು ಎಂದು ದಿಗಿಲಾಗುತ್ತದೆ. ಆ ಕಿಟಕಿಯಲ್ಲಿ ಬಂದ ಹೆಸರನ್ನು ಬರೆದಿಟ್ಟುಕೊಳ್ಳಿ. ತಪ್ಪಿರುವುದು ಅದೇ ಹೆಸರಿನಲ್ಲಿ.

ಗ್ರಿಡ್‌ನಲ್ಲಿದೆ, ಫಲಿತಾಂಶದಲ್ಲಿಲ್ಲ

ಮೊದಲು ‘ಶೋ’ ಟಿಕ್ ನೋಡಿ. ಮೊತ್ತ ಕೂಡುವ ಕ್ವೆರಿಯಾದರೆ ‘ಟೋಟಲ್’ ಸಾಲನ್ನೂ ನೋಡಿ: ಅಲ್ಲಿ ‘ವೇರ್’ ಆರಿಸಿದ ಫೀಲ್ಡ್ ಬರೀ ಸೋಸುವುದಕ್ಕಷ್ಟೇ, ತೋರಿಸುವುದಕ್ಕಲ್ಲ. ದಿನಾಂಕವನ್ನು ಸೋಸಲೂ ಬೇಕು, ತೋರಿಸಲೂ ಬೇಕು ಎಂದರೆ ಅದನ್ನು ಎರಡು ಸಲ ಗ್ರಿಡ್‌ಗೆ ತನ್ನಿ, ಒಂದಕ್ಕೆ ‘ವೇರ್’, ಇನ್ನೊಂದಕ್ಕೆ ‘ಗ್ರೂಪ್ ಬೈ’. ಆಗ ಪ್ರತಿ ದಿನಕ್ಕೂ ಬೇರೆ ಸಾಲು ಬರುತ್ತದೆ ಎಂಬುದು ನೆನಪಿರಲಿ.

ಟಿಕ್ ಸರಿಯಾಗಿದ್ದೂ ಕಾಣದಿದ್ದರೆ ಹಾಳೆಯಲ್ಲಿ ಕಾಲಂ ಮುಚ್ಚಿಹೋಗಿರುತ್ತದೆ. ಎರಡು ಕಾಲಮ್ಮುಗಳ ನಡುವಿನ ಗೆರೆಯನ್ನು ಎಳೆಯುವಾಗ ಕೈ ಜಾರಿ ಅಗಲ ಸೊನ್ನೆಯಾದರೆ ಸಾಕು, ಅದು ಮಾಯ. ಮುಚ್ಚುವಾಗ ‘ಲೇಔಟ್ ಬದಲಾವಣೆ ಉಳಿಸಲೇ?’ ಎಂದು ಕೇಳಿದ್ದಕ್ಕೆ ಯಾರೋ ಯೆಸ್ ಅಂದಿದ್ದರೆ ನಾಳೆ ತೆರೆದರೂ ಹಾಗೇ. ಯಾವುದಾದರೂ ಕಾಲಮ್ಮಿನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಹೈಡ್ ಫೀಲ್ಡ್ಸ್’ ಆರಿಸಿ. ಟಿಕ್ ಇಲ್ಲದ ಹೆಸರಿಗೆ ಟಿಕ್ ಹಾಕಿ.

ಕ್ರಾಸ್‌ಟ್ಯಾಬ್ ಕ್ವೆರಿಯದ್ದು ಬೇರೆಯದೇ ಕಥೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದೂ ಇದೇ. ಹಾಲಿನ ಬಗೆಯನ್ನು ಕಾಲಮ್ಮಾಗಿ ಮಾಡಿ, ಕ್ವೆರಿಯ ‘ಕಾಲಂ ಹೆಡಿಂಗ್ಸ್’ ಗುಣದಲ್ಲಿ ‘ಹಸು’, ‘ಎಮ್ಮೆ’ ಎಂದು ಕಟ್ಟಿಹಾಕಿದ್ದೀರಿ ಎನ್ನಿ. ನಮೂದಿಸುವವರು ಒಂದು ವಾರ ‘ಎಮ್ಮೆ ಹಾಲು’ ಎಂದು ಬರೆದರೆ ಆ ಲೀಟರುಗಳಿಗೆ ಕಾಲಂ ಸಿಗುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಡಿಸೈನಿನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಎಫ್4 ಒತ್ತಿ ಈ ಗುಣವನ್ನು ಪರೀಕ್ಷಿಸಿ. ಟೇಬಲ್ಲಿನಲ್ಲಿ ಯಾವ ಯಾವ ಕಾಗುಣಿತಗಳಿವೆ ಎಂದು ನೋಡಿ, ಅವನ್ನು ಒಂದೇ ರೂಪಕ್ಕೆ ತನ್ನಿ. ಇಲ್ಲವೇ ಹೊಸದನ್ನೂ ಪಟ್ಟಿಗೆ ಸೇರಿಸಿ.

ಅಗಲವಾದ ಟೇಬಲ್ಲುಗಳನ್ನು ಜೋಡಿಸುವವರಿಗೆ ಒಂದು ಮಾತು: ಟೇಬಲ್ಲಿಗಾಗಲಿ ಕ್ವೆರಿಯ ಫಲಿತಾಂಶಕ್ಕಾಗಲಿ 255 ಫೀಲ್ಡುಗಳ ಮಿತಿಯಿದೆ. ನಕ್ಷತ್ರ ಚಿಹ್ನೆ ಬಿಟ್ಟು, ಬೇಕಾದಷ್ಟನ್ನೇ ಆರಿಸಿ.

ವರದಿಯಲ್ಲಿ ಮಾತ್ರ ಇಲ್ಲ

ಕ್ವೆರಿಗೆ ಫೀಲ್ಡ್ ಸೇರಿಸಿದ ಮಾತ್ರಕ್ಕೆ ವರದಿಯಲ್ಲಿ ಅದು ತಾನಾಗಿ ಬಂದು ಕೂರುವುದಿಲ್ಲ. ವರದಿಯನ್ನು ಡಿಸೈನ್ ವ್ಯೂನಲ್ಲಿ ತೆರೆದು, ಆಲ್ಟ್ ಮತ್ತು ಎಫ್8 ಒಟ್ಟಿಗೆ ಒತ್ತಿ, ಬಂದ ಪಟ್ಟಿಯಿಂದ ಎಳೆದು ತರಬೇಕು. ಆ ಪಟ್ಟಿಯಲ್ಲೂ ಇಲ್ಲದಿದ್ದರೆ ವರದಿಯ ‘ರೆಕಾರ್ಡ್ ಸೋರ್ಸ್’ ನೋಡಿ. ಅಲ್ಲಿ ಕ್ವೆರಿಯ ಹೆಸರಿನ ಬದಲು ‘ಸೆಲೆಕ್ಟ್’ ಎಂದು ಶುರುವಾಗುವ ಉದ್ದದ ಸಾಲಿದ್ದರೆ, ವರದಿ ತನ್ನದೇ ಪ್ರತ್ಯೇಕ ಕ್ವೆರಿ ಇಟ್ಟುಕೊಂಡಿದೆ. ನೀವು ಹೊರಗೆ ತಿದ್ದಿದ್ದು ಅದಕ್ಕೆ ತಲುಪಿಲ್ಲ.

ಇಷ್ಟಾದರೂ ಬಗೆಹರಿಯದೆ ಬಲ್ಲವರನ್ನು ಕೇಳಬೇಕಾಗಿ ಬಂದರೆ, ಪರದೆಯ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಬೇಡಿ. ಗ್ರಿಡ್‌ನ ಅರ್ಧ ಭಾಗ ಅದರಲ್ಲಿ ಸಿಗುವುದೇ ಇಲ್ಲ. ‘ಎಸ್‌ಕ್ಯೂಎಲ್ ವ್ಯೂ’ಗೆ ಹೋಗಿ, ಅಲ್ಲಿರುವ ಬರಹವನ್ನು ಪೂರ್ತಿ ನಕಲಿಸಿ ಕಳಿಸಿ. ಜೊತೆಗೆ ಟೇಬಲ್ ಇದೇ ಕಡತದಲ್ಲಿದೆಯೋ ಲಿಂಕ್ ಆಗಿದೆಯೋ ಎಂಬುದನ್ನೂ ಒಂದು ಸಾಲು ಬರೆಯಿರಿ.