ಮರುಭೂಮಿಯಲ್ಲಿ ವಿಶ್ರಾಂತಿ: ಜೈಸಲ್ಮೇರಿನಲ್ಲಿ ತಂಗುವುದೆಲ್ಲಿ?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸುತ್ತುವವನು ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಮಾತ್ರ ಅವನ ವಿವೇಕಕ್ಕೇ ಬಿಟ್ಟಿದ್ದಾರೆ. ಹಸುರು ನಾಡಿನಲ್ಲಿ ಇದೇನೂ ದೊಡ್ಡ ಪ್ರಶ್ನೆಯಲ್ಲ. ಕೈಯಲ್ಲಿರುವ ಹಣ, ಕೋಣೆಯ ಚೊಕ್ಕಟತನ, ಊಟದ ರುಚಿ ಇಷ್ಟೇ ಅದನ್ನು ತೀರ್ಮಾನಿಸಿಬಿಡುತ್ತವೆ. ಆದರೆ ನಾಲ್ಕು ದಿನ ವಿಶ್ರಾಂತಿಗೆಂದು ಮರುಭೂಮಿಗೆ ಹೋಗುವವನು ಇನ್ನೂ ಒಂದು ಮಾತನ್ನು ಆಲೋಚಿಸಬೇಕಾಗುತ್ತದೆ. ಅಲ್ಲಿ ನೀರು ಕಡಿಮೆ, ನೆರಳು ಕಡಿಮೆ; ಒಬ್ಬ ಅತಿಥಿಯ ಸುಖಕ್ಕಾಗಿ ಖರ್ಚಾಗುವ ಪ್ರತಿಯೊಂದು ಕೊಡ ನೀರಿಗೂ ಯಾರೋ ಬೆಲೆ ತೆರುತ್ತಾರೆ. ಈ ಮಾತಿಗೆ ನಮ್ಮ ದೇಶದಲ್ಲಿ ಜೈಸಲ್ಮೇರಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಆದುದರಿಂದ ಅದನ್ನೇ ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಳ್ಳೋಣ.

ಊರಿನ ಪೂರ್ವೋತ್ತರ

ಜೈಸಲ್ಮೇರು ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿ, ಥಾರ್ ಮರುಭೂಮಿಯ ನಡುವೆ ಇದೆ. ಜೋಧಪುರದಿಂದ ಅಲ್ಲಿಗೆ ಸುಮಾರು 285 ಕಿಲೋಮೀಟರು ದಾರಿ. ಭಾಟಿ ರಜಪೂತರ ರಾವಲ್ ಜೈಸಲನು 1156ರಲ್ಲಿ ತ್ರಿಕೂಟವೆಂಬ ಗುಡ್ಡದ ಮೇಲೆ ಕೋಟೆ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಸಿಂಧ್ ಪ್ರಾಂತದ ಕಡೆಗೆ ಹೋಗಿ ಬರುವ ಒಂಟೆಗಳ ಸಾರ್ಥಗಳು ಇಲ್ಲಿ ಇಳಿಯುತ್ತಿದ್ದವು. ಅವುಗಳ ಸುಂಕದಿಂದ ಅರಸರೂ ವ್ಯಾಪಾರದಿಂದ ವರ್ತಕರೂ ಶ್ರೀಮಂತರಾದರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆರಂಭವಾದ ಪಟವರ ಹವೇಲಿಗಳ ಕಲ್ಲಿನ ಕುಸುರಿ ಕೆಲಸ ಆ ಸಿರಿಗೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಮುಂದೆ ಮುಂಬಯಿಯ ಬಂದರು ಬೆಳೆದಂತೆ ಒಂಟೆಯ ವ್ಯಾಪಾರ ಇಳಿಯಿತು. 1947ರ ದೇಶವಿಭಜನೆಯಿಂದ ಸಿಂಧ್ ದಾರಿಯೇ ಮುಚ್ಚಿಹೋಯಿತು. ಹೀಗೆ ಮೂಲೆಗುಂಪಾಗಿದ್ದ ಊರನ್ನು ಮತ್ತೆ ಜನರ ಕಣ್ಣಿಗೆ ತಂದವುಗಳಲ್ಲಿ ಸತ್ಯಜಿತ್ ರಾಯ್ ಅವರ 1974ರ ಬಂಗಾಳಿ ಚಲನಚಿತ್ರ ‘ಸೋನಾರ್ ಕೆಲ್ಲಾ’ ಒಂದು. ಸಾರ್ಥಗಳು ಹೋದವು, ಪ್ರವಾಸಿಗಳು ಬಂದರು. ಈಗ ಊರಿನ ಬಹುಮಂದಿಯ ಅನ್ನ ಪ್ರವಾಸಿಗಳಿಂದಲೇ ಹುಟ್ಟುತ್ತದೆ.

ಮರುಭೂಮಿಯ ಸ್ವಭಾವ

ಎಲ್ಲಿ ತಂಗಬೇಕೆಂಬುದಕ್ಕಿಂತ ಮೊದಲು ಯಾವಾಗ ಹೋಗಬೇಕೆಂಬುದನ್ನು ತಿಳಿಯಬೇಕು. ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಗಾಳಿಯಲ್ಲಿ ತೇವವೂ ಆಕಾಶದಲ್ಲಿ ಮೋಡವೂ ಕಡಿಮೆಯಾದ್ದರಿಂದ ಹಗಲು ನೆಲ ಕುಡಿದ ಬಿಸಿಯೆಲ್ಲ ರಾತ್ರಿ ಆಕಾಶಕ್ಕೆ ಹಾರಿಹೋಗುತ್ತದೆ. ಬೇಸಗೆಯ ತೀವ್ರತೆಯನ್ನು ತಿಳಿಯಲು ಒಂದು ಅಂಕಿ ಸಾಕು: ಜೈಸಲ್ಮೇರಿನ ದಾರಿಯಲ್ಲೇ ಸಿಕ್ಕುವ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಜನವರಿಯಲ್ಲಾದರೋ ರಾತ್ರಿಯ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದುದರಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲವೇ ವಿಶ್ರಾಂತಿಗೆ ಯೋಗ್ಯ; ಆಗಲೂ ಕಂಬಳಿ ಇಲ್ಲದೆ ಹೋಗುವುದು ಬುದ್ಧಿವಂತಿಕೆಯಲ್ಲ.

ಎರಡನೆಯದು ನೀರು. ವರ್ಷಕ್ಕೆ ಇನ್ನೂರು ಮಿಲಿಮೀಟರಿನಷ್ಟು ಮಳೆ ಬಿದ್ದರೆ ಅಲ್ಲಿನವರಿಗೆ ಅದೇ ಸುಕಾಲ. ಈ ಅಲ್ಪ ಮಳೆಯನ್ನು ಹಿಡಿದಿಡುವ ವಿದ್ಯೆಯಲ್ಲಿ ಅಲ್ಲಿನ ಜನ ಪಳಗಿದವರು. ಪಾಲೀವಾಲ ಬ್ರಾಹ್ಮಣರು ಇಳಿಜಾರಿನ ಕೆಳಭಾಗದಲ್ಲಿ ಮಣ್ಣಿನ ಏರಿ ಹಾಕಿ, ಹರಿದು ಬಂದ ನೀರು ನೆಲದಲ್ಲಿ ಇಂಗುವಂತೆ ಮಾಡಿ, ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುತ್ತಿದ್ದರು. ಇಂತಹ ಹೊಲಕ್ಕೆ ಖಡೀನ್ ಎಂದು ಹೆಸರು. ಊರಿನ ಪಕ್ಕದ ಗಡೀಸರ್ ಕೆರೆ ಬಹುಕಾಲ ಪಟ್ಟಣದ ಬಾಯಾರಿಕೆಯನ್ನು ತಣಿಸಿತು. ಅಲ್ಲಿಂದ ಹೆಂಗಸರು ತಲೆಯ ಮೇಲೆ ಹೊತ್ತು ತಂದ ನೀರಿನಲ್ಲೇ ಕೋಟೆಯೊಳಗಿನ ಸಂಸಾರಗಳು ಸಾಗಬೇಕಾಗಿತ್ತು. ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲವಷ್ಟೆ!

ಕೋಟೆಯೊಳಗಿನ ಕೋಣೆ

ಹೊಸದಾಗಿ ಹೋದವನಿಗೆ ಮೊದಲು ಆಸೆ ಹುಟ್ಟುವುದು ಕೋಟೆಯೊಳಗೇ ತಂಗಬೇಕೆಂದು. ಅದು ಸಹಜ. ಸುಮಾರು 76 ಮೀಟರು ಎತ್ತರದ ಗುಡ್ಡದ ಮೇಲೆ, ತೊಂಬತ್ತೊಂಬತ್ತು ಬುರುಜುಗಳ ಹಳದಿ ಕಲ್ಲಿನ ಕೋಟೆ ಸಂಜೆಯ ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತದೆ. ಒಳಗೆ ಅರಮನೆ, ಜೈನ ಬಸದಿಗಳು, ಇಕ್ಕಟ್ಟಾದ ಓಣಿಗಳು, ಇಂದಿಗೂ ಸಂಸಾರಗಳು ಬಾಳುತ್ತಿರುವ ಮನೆಗಳು. ಆ ಮನೆಗಳಲ್ಲಿ ಹಲವು ವಸತಿಗೃಹಗಳಾಗಿವೆ. ಬುರುಜಿನ ಕಿಟಕಿಯಿಂದ ಮರುಭೂಮಿಯನ್ನು ನೋಡುತ್ತಾ ಚಹ ಕುಡಿಯುವುದು ಯಾರಿಗೆ ಬೇಡ?

ಆದರೆ ಈ ಸುಖದ ಅಡಿಪಾಯವನ್ನು ಸ್ವಲ್ಪ ಪರೀಕ್ಷಿಸಬೇಕು. ನಮ್ಮ ಚಿತ್ರದುರ್ಗದ ಕೋಟೆ ಕಗ್ಗಲ್ಲಿನ ಮೇಲೆ ನಿಂತಿದೆ. ನೀರು ಅದನ್ನು ಸುಲಭವಾಗಿ ಅಲುಗಿಸಲಾರದು. ತ್ರಿಕೂಟದ ಗುಡ್ಡ ಹಾಗಲ್ಲ. ಅದರಲ್ಲಿ ಮರಳುಗಲ್ಲಿನೊಂದಿಗೆ ಜೇಡಿಯ ಪದರಗಳೂ ಸೇರಿವೆ. ಜೇಡಿ ಒಣಗಿದ್ದರೆ ಗಟ್ಟಿ, ನೆನೆದರೆ ಮೆತ್ತಗೆ. ಕೊಡದಲ್ಲಿ ನೀರು ಬರುತ್ತಿದ್ದ ಕಾಲದಲ್ಲಿ ಬಚ್ಚಲಿನ ನೀರು ಹಳೆಯ ಚರಂಡಿಗಳಲ್ಲೇ ಹರಿದು, ಬಿಸಿಲಿಗೆ ಆರಿಹೋಗುತ್ತಿತ್ತು. ಕೊಳಾಯಿ ಬಂದಮೇಲೆ ನೀರಿನ ಬಳಕೆ ಹಲವು ಪಟ್ಟು ಹೆಚ್ಚಿತು. ಅತಿಥಿಗಳಿಗಾಗಿ ಕೋಣೆಗೊಂದು ಸ್ನಾನಗೃಹವಾಯಿತು. ಚರಂಡಿ ಹೊರಲಾರದ ನೀರು ಗುಡ್ಡದೊಳಕ್ಕೆ ಇಳಿಯಿತು, ಜೇಡಿ ನೆನೆಯಿತು, ಮೇಲಿನ ಗೋಡೆ ಜಾರಿತು. 1990ರ ದಶಕದಲ್ಲಿ ಕೆಲವು ಬುರುಜುಗಳು ಕುಸಿದವು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಆಮೇಲೆ ದುರಸ್ತಿಯ ಕೆಲಸಗಳು ನಡೆದವು. 2013ರಲ್ಲಿ ರಾಜಸ್ಥಾನದ ಆರು ಗಿರಿದುರ್ಗಗಳಲ್ಲಿ ಒಂದಾಗಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲೂ ಅದಕ್ಕೆ ಸ್ಥಾನ ದೊರೆಯಿತು. ಆದರೆ ಗೌರವ ದೊರೆತ ಮಾತ್ರಕ್ಕೆ ಜೇಡಿ ಕಲ್ಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಕೋಟೆಯೊಳಗಿನವರೂ ಬದುಕಬೇಡವೆ? ನಾವು ತಂಗದಿದ್ದರೆ ಅವರ ಗತಿಯೇನು?’ ನ್ಯಾಯವಾದ ಪ್ರಶ್ನೆಯೇ. ತಲೆತಲಾಂತರದಿಂದ ಅಲ್ಲಿ ಬಾಳಿದವರನ್ನು ದೂರುವುದು ಸರಿಯಲ್ಲ. ಆದರೆ ಅವರಿಗೆ ನೆರವಾಗಲು ಅವರ ಬಚ್ಚಲನ್ನೇ ಬಳಸಬೇಕೆಂದಿಲ್ಲ. ಹಗಲೆಲ್ಲ ಕೋಟೆಯಲ್ಲಿ ಕಳೆಯಬಹುದು. ಅಲ್ಲಿನವರನ್ನೇ ಮಾರ್ಗದರ್ಶಕರನ್ನಾಗಿ ಮಾಡಿಕೊಳ್ಳಬಹುದು. ಅವರ ಅಂಗಡಿಗಳಲ್ಲಿ ಕೊಳ್ಳಬಹುದು. ಮನೆ ಉಳಿದರೆ ತಾನೆ ಮನೆಯವರು ಉಳಿಯುವುದು?

ಪಟ್ಟಣದ ಹವೇಲಿ

ಹಾಗಾದರೆ ರಾತ್ರಿ ಎಲ್ಲಿ? ಕೋಟೆಯ ಬುಡದ ಪಟ್ಟಣದಲ್ಲಿ ಎಂದು ನನ್ನ ಅಭಿಪ್ರಾಯ. ಅಲ್ಲಿ ಹಳೆಯ ಹವೇಲಿಯ ರೀತಿಯ ವಸತಿಗೃಹಗಳು ಎಲ್ಲ ದರಗಳಲ್ಲೂ ದೊರೆಯುತ್ತವೆ. ವಿದ್ಯಾರ್ಥಿಗಳ ಕಿರುಜೇಬಿಗೂ ಎಟಕುವಂಥವು ಇವೆ. ಹವೇಲಿಯ ರಚನೆಯೇ ಮರುಭೂಮಿಗೆ ತಕ್ಕ ಪಾಠ. ದಪ್ಪ ಕಲ್ಲಿನ ಗೋಡೆ ಹಗಲಿನ ಸೆಖೆಯನ್ನು ಬೇಗ ಒಳಗೆ ಬಿಡುವುದಿಲ್ಲ. ರಾತ್ರಿಯ ಚಳಿಯನ್ನೂ ಅಷ್ಟೆ. ನಡುವಿನ ತೊಟ್ಟಿ ಬಿಸಿ ಗಾಳಿಯನ್ನು ಮೇಲಕ್ಕೆ ಕಳಿಸುತ್ತದೆ. ಕಲ್ಲಿನ ಜಾಲಂಧ್ರ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಇಂತಹ ಮನೆಯಲ್ಲಿ ಯಂತ್ರದ ನೆರವಿಲ್ಲದೆಯೇ ಚಳಿಗಾಲದಲ್ಲಿ ಸುಖವಾಗಿ ನಿದ್ರಿಸಬಹುದು. ಮಾಳಿಗೆಯ ಮೇಲೆ ನಿಂತರೆ ಇಡೀ ಕೋಟೆ ಕಣ್ಣೆದುರಿಗೆ. ಕೋಟೆಯೊಳಗಿದ್ದವನಿಗೆ ಕೋಟೆ ಕಾಣುವುದಿಲ್ಲವೆಂಬುದನ್ನು ಮರೆಯಬಾರದು.

ಮರಳದಿಣ್ಣೆಯ ಡೇರೆ

ಮರುಭೂಮಿಗೆ ಹೋಗಿ ಒಂದು ರಾತ್ರಿಯಾದರೂ ಮರಳಿನ ಮೇಲೆ ಮಲಗದೆ ಬಂದರೆ ಮನಸ್ಸು ಒಪ್ಪುವುದಿಲ್ಲ. ಪಟ್ಟಣದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿ ಡೇರೆಗಳ ಸಾಲುಗಳೇ ಇವೆ. ನೈಋತ್ಯಕ್ಕಿರುವ ಖುರಿ ಎಂಬ ಹಳ್ಳಿಯಲ್ಲಿ ಮಣ್ಣಿನ ಗುಡಿಸಲುಗಳಲ್ಲೂ ಇಳಿದುಕೊಳ್ಳಬಹುದು. ಬಟ್ಟೆಯ ಡೇರೆ ಹಗಲು ಬಲು ಬೇಗ ಕಾಯುತ್ತದೆ, ರಾತ್ರಿ ಚಳಿಯನ್ನು ತಡೆಯಲಾರದು; ಮಣ್ಣಿನ ಗೋಡೆ ಹುಲ್ಲಿನ ಸೂರಿನ ಗುಡಿಸಲು ಎರಡರಲ್ಲೂ ಮೇಲು.

ಡೇರೆಯನ್ನು ಆರಿಸುವಾಗ ಎರಡು ವಿಷಯಗಳನ್ನು ವಿಚಾರಿಸಬೇಕು. ಒಂದು, ಧ್ವನಿವರ್ಧಕ. ದೊಡ್ಡ ಬಿಡಾರಗಳಲ್ಲಿ ರಾತ್ರಿಯೆಲ್ಲ ಚಲನಚಿತ್ರದ ಹಾಡುಗಳ ಅಬ್ಬರವಿರುವುದುಂಟು. ಮಾಂಗಣಿಯಾರ್ ಗಾಯಕರ ಕಂಠವನ್ನೂ, ಅವರ ಕಮಾಯ್ಚಾ, ಖಡತಾಳಗಳ ನಾದವನ್ನೂ ಯಂತ್ರವಿಲ್ಲದೆ ಕೇಳಬಲ್ಲ ಸಣ್ಣ ಬಿಡಾರ ಇದಕ್ಕಿಂತ ಎಷ್ಟೋ ಲೇಸು. ಎರಡು, ದೀಪ. ಇದೇ ಪ್ರದೇಶದಲ್ಲಿ ಮೂರು ಸಾವಿರ ಚದರ ಕಿಲೋಮೀಟರಿಗೂ ವಿಸ್ತಾರವಾದ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಭಾರಿ ಹಕ್ಕಿಗೆ ಅದು ಕೊನೆಯ ಆಸರೆಗಳಲ್ಲೊಂದು. ನಮ್ಮವರು ಎರೆಭೂತವೆಂದು ಕರೆಯುವ ಹಕ್ಕಿ ಇದೇ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡದ್ದುಂಟು. ದೇಶದಲ್ಲೆಲ್ಲ ಸೇರಿ ಕಾಡಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆಯೆಂದು ಅಂದಾಜು. ಅದು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ಉಳಿಸಲೆಂದು 2019ರಲ್ಲಿ ಸಮ್‌ನಲ್ಲೇ ಸಂತಾನವೃದ್ಧಿ ಕೇಂದ್ರವೊಂದು ಆರಂಭವಾಯಿತು. ಇಂತಹ ಹಕ್ಕಿಯ ನೆರೆಯಲ್ಲಿ ಮಲಗುವವನು ಸದ್ದನ್ನೂ ಬೆಳಕನ್ನೂ ಕಡಿಮೆ ಮಾಡಬೇಡವೆ? ಮೇಲಾಗಿ ದೀಪ ಆರಿದಾಗಲೇ ನಕ್ಷತ್ರಗಳು ಕಾಣುವುದು.

ಆರಿಸುವ ಬಗೆ

ಇಷ್ಟನ್ನು ಸಂಗ್ರಹಿಸಿದರೆ, ಮರುಭೂಮಿಯಲ್ಲಿ ಕೋಣೆ ಗೊತ್ತುಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಗೋಡೆ ಯಾವುದರದು? ರಾತ್ರಿ ಎಷ್ಟು ಹೊತ್ತಿಗೆ ಸದ್ದಡಗುತ್ತದೆ? ಮೊದಲೆರಡು ಪ್ರಶ್ನೆಗಳು ಊರಿನ ಹಿತಕ್ಕೆ, ಕೊನೆಯೆರಡು ನಮ್ಮ ಸುಖಕ್ಕೆ ಎಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಅವು ಬೇರೆಬೇರೆಯಲ್ಲ. ನೀರನ್ನು ಎಚ್ಚರದಿಂದ ಬಳಸುವ ಮನೆಯೇ ಸಾಮಾನ್ಯವಾಗಿ ಹಳೆಯ ಕ್ರಮದಲ್ಲಿ ಕಟ್ಟಿದ, ತಂಪಾದ, ಸದ್ದಿಲ್ಲದ ಮನೆಯಾಗಿರುತ್ತದೆ. ನಾಲ್ಕು ದಿನವಿದ್ದರೆ ಮೂರು ರಾತ್ರಿ ಕೋಟೆಯ ಕೆಳಗಿನ ಹವೇಲಿಯಲ್ಲಿ, ಒಂದು ರಾತ್ರಿ ಖುರಿಯಂತಹ ಹಳ್ಳಿಯ ಗುಡಿಸಲಿನಲ್ಲಿ ಕಳೆಯುವುದು ನನಗೆ ಉಚಿತವಾಗಿ ತೋರುತ್ತದೆ.

ವಿಶ್ರಾಂತಿಯೆಂದರೆ ಬೇಕಾದಷ್ಟನ್ನು ಬಳಸುವ ಸ್ವಾತಂತ್ರ್ಯವೆಂದು ನಾವು ತಿಳಿದಿದ್ದೇವೆ. ಕಡಿಮೆಯಲ್ಲಿ ನೆಮ್ಮದಿಯಾಗಿರುವುದನ್ನು ಎಂಟುನೂರು ವರ್ಷಗಳಿಂದ ಅಭ್ಯಾಸ ಮಾಡಿದ ಜನರ ಊರು ಜೈಸಲ್ಮೇರು. ಅಲ್ಲಿ ಒಂದು ಬಕೀಟು ನೀರಿನಲ್ಲಿ ಸ್ನಾನ ಮುಗಿಸಿದ ಅತಿಥಿಯೇ ಆ ಊರಿಗೆ ಸಲ್ಲುವ ಅತಿಥಿ.