ನೊಯ್ಯಲ್ ದಂಡೆಯ ಚರಿತ್ರೆಗೆ ಪಿಎಚ್.ಡಿ.

ಪ್ರಶ್ನೆ: ನಾನು ತಿರುಪ್ಪೂರಿನ ಕನ್ನಡ ಮನೆಯವಳು, ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಪ್ರಾಚೀನ ಇತಿಹಾಸದಲ್ಲಿ ಪಿಎಚ್.ಡಿ. ಮಾಡಲು ಏನೇನು ಬೇಕು?

ಉತ್ತರ: ಯುಜಿಸಿಯ 2022ರ ನಿಯಮದಂತೆ ಎಂ.ಎ.ಯಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ಇದ್ದವರಿಗೆ ಶೇ 5 ರಿಯಾಯಿತಿಯಿದೆ. ಮೊದಲು ನೆಟ್ ಬರೆಯಿರಿ. 2024ರಿಂದ ಆ ಅಂಕ ಪಿಎಚ್.ಡಿ. ಪ್ರವೇಶಕ್ಕೂ ಆಗುತ್ತದೆ, ಜೆಆರ್‌ಎಫ್ ದಕ್ಕಿದರೆ ಫೆಲೋಶಿಪ್‌ನ ಆಸರೆಯೂ ಸಿಗುತ್ತದೆ. ಕನಿಷ್ಠ 3 ವರ್ಷ ಇದಕ್ಕೇ ಮೀಸಲಿಡಿ.

ಅರ್ಜಿ ಹಾಕುವ ಮುನ್ನವೇ ಲಿಪಿ ಕಲಿಯಲು ಶುರು ಮಾಡಿ. ನಿಮ್ಮ ನೆರೆಯ ಈರೋಡ್ ಜಿಲ್ಲೆಯಲ್ಲಿ, ನೊಯ್ಯಲ್ ನದಿ ದಂಡೆಯ ಕೊಡುಮಣಲ್‌ನಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ತಮಿಳು ಬ್ರಾಹ್ಮಿಯಲ್ಲಿ ಗೀಚಿದ ಹೆಸರುಗಳಿವೆ. ಅವುಗಳಲ್ಲಿ ಕೆಲವು ಪ್ರಾಕೃತ ಮೂಲದವು. ಹಾಗಾಗಿ ಹಳೆಯ ತಮಿಳಿನ ಜೊತೆಗೆ ಪ್ರಾಕೃತದ ಪರಿಚಯವೂ ಬೇಕು. ಬರೇ ಅನುವಾದ ನಂಬಿಕೊಂಡರೆ ಸಂಶೋಧನೆ ಮುಂದೆ ಸಾಗದು.

ವಿಷಯ ಚಿಕ್ಕದಿರಲಿ. ಕಾಂಗೇಯಂ ಬಳಿಯ ಪಡಿಯೂರಿನ ಬೆರಿಲ್ ಹರಳು, ಕೊಡುಮಣಲ್‌ನ ಮಣಿ ತಯಾರಿಕೆ, ಕೊಯಮತ್ತೂರಿನ ವೆಳ್ಳಲೂರಿನಲ್ಲಿ ದೊರೆತ ರೋಮನ್ ನಾಣ್ಯ: ಈ ಮೂರರ ನಂಟೇ ಒಂದು ಪ್ರಬಂಧಕ್ಕೆ ಸಾಕು. ಉತ್ಖನನ ವರದಿ ಓದಿ, ಎರಡು ಪುಟದ ಪ್ರಸ್ತಾವನೆ ಬರೆದುಕೊಂಡು ಮಾರ್ಗದರ್ಶಕರನ್ನು ಕಾಣಿ. ಊರಿನ ಪರಿಚಯ, ಎರಡು ಭಾಷೆಯ ಬಲ ನಿಮಗಿದೆ, ಧೈರ್ಯವಾಗಿ ಮುಂದುವರಿಯಿರಿ.